ಮೂತ್ರಾಲಯದ ಗೋಡೆ ಕಲಿಸುವ ಪಾಠ: ರಾಯಚೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸಿಂಧನೂರಿಗೋ ಲಿಂಗಸುಗೂರಿಗೋ ಹೊರಟ ಹದಿನೇಳರ ಹುಡುಗ ಬಸ್ ಹತ್ತುವ ಮುಂಚೆ ಮೂತ್ರಾಲಯಕ್ಕೆ ಹೋಗುತ್ತಾನೆ. ಅವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಅಂಗೈ ಅಗಲದ ಹಳದಿ ಚೀಟಿ ಅಂಟಿರುತ್ತದೆ. ‘ಗುಪ್ತ ಸಮಸ್ಯೆಯೇ?’ ಅಂತ ಶುರು. ಕೆಳಗೆ ಲಕ್ಷಣಗಳ ಪಟ್ಟಿ: ಸುಸ್ತು, ಸೊಂಟನೋವು, ಕಣ್ಣು ಗುಳಿ ಬೀಳುವುದು, ಓದಿದ್ದು ನೆನಪಿರದಿರುವುದು, ನಿದ್ದೆಯಲ್ಲಿ ಸ್ಖಲನ, ಮೂತ್ರದಲ್ಲಿ ಬಿಳಿ. ಕೊನೆಗೊಂದು ಮೊಬೈಲ್ ನಂಬರು. ಓದಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಅವನು ಒಬ್ಬನೇ ಇರುತ್ತಾನೆ, ನೋಡುವವರಿಲ್ಲ, ಕೇಳುವವರಿಲ್ಲ. ನಮ್ಮ ಭಾಗದ ಎಷ್ಟೋ ಗಂಡುಮಕ್ಕಳಿಗೆ ತಮ್ಮ ಮೈಯ ಬಗ್ಗೆ ಕನ್ನಡದಲ್ಲಿ ಅಚ್ಚಾಗಿ ಸಿಗುವ ಮೊದಲ ಪಾಠ ಇದು. ಎರಡನೆಯದು ಮೊಬೈಲಿನಲ್ಲಿ, ಮೂರನೆಯದು ಸಿನಿಮಾ ಪರದೆಯ ಮೇಲೆ.

ಹದಿಹರೆಯದವರ ಆರೋಗ್ಯ, ಆಪ್ತಸಮಾಲೋಚನೆ, ಶಾಲಾ ಬೋಧನೆ, ಈ ಕೆಲಸಗಳಲ್ಲಿರುವ ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಸಿನಿಮಾ ನಿಲ್ಲಿಸಿ, ನಾಟಕ ನಿಲ್ಲಿಸಿ, ಮೊಬೈಲ್ ಕಸಿದುಕೊಳ್ಳಿ ಎಂದು ಕೇಳಲು ಬಂದವರಲ್ಲ ನಾವು. ಸುಳ್ಳು ಎಲ್ಲೆಲ್ಲಿ ಅಂಟಿದೆಯೋ ಅಲ್ಲಲ್ಲೇ ಸರಿಯಾದ ಮಾಹಿತಿ ಅಂಟಬೇಕು, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅಷ್ಟೇ ಸರಳ ಕನ್ನಡದಲ್ಲಿ. ಇದು ನಮ್ಮ ಕೋರಿಕೆ. ಇದಕ್ಕೆ ಬೇಕಾದ ಅಧಿಕಾರದ ಬಹುಪಾಲು ಈಗಾಗಲೇ ತಮ್ಮ ಕಚೇರಿಯಲ್ಲೇ ಇದೆ.

ಆ ಚೀಟಿಯಿಂದಲೇ ಶುರು ಮಾಡುತ್ತೇವೆ, ಏಕೆಂದರೆ ಅತಿ ಹೆಚ್ಚು ಕೆಡುಕು ಮಾಡುವುದು ಅದೇ. ಪಟ್ಟಿಯ ಒಂದೊಂದು ಲಕ್ಷಣವನ್ನೂ ಬಿಡಿಸಿ ನೋಡಿ. ಹದಿಹರೆಯದಲ್ಲಿ ನಿದ್ದೆಯಲ್ಲಿ ಸ್ಖಲನವಾಗುವುದು ಸಹಜ ಕ್ರಿಯೆ. ವಾರಕ್ಕೆ ಇಷ್ಟೇ ಸಲ ಎಂಬ ಲೆಕ್ಕ ಇಲ್ಲ, ಒಬ್ಬನಿಗೆ ಆಗದಿದ್ದರೂ ಅದು ರೋಗವಲ್ಲ. ನಲವತ್ತು ಹನಿ ರಕ್ತಕ್ಕೆ ಒಂದು ಹನಿ ಧಾತು, ಅಂದರೆ ವೀರ್ಯ, ಕೆಲವರ ಬಾಯಲ್ಲಿ ನೂರು ಹನಿಗೆ ಒಂದು ಎಂಬ ಲೆಕ್ಕಕ್ಕೆ ದೇಹದಲ್ಲಿ ಆಧಾರವೇ ಇಲ್ಲ. ಒಂದು ಸಲ ಹೊರಬರುವ ದ್ರವ ಸಾಮಾನ್ಯವಾಗಿ 1.5ರಿಂದ 5 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಅದರ ಮೂರನೇ ಎರಡು ಭಾಗದಷ್ಟು ವೀರ್ಯಕೋಶ ಎಂಬ ಗ್ರಂಥಿಗಳ ಸ್ರಾವ, ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯದು, ವೀರ್ಯಾಣುಗಳ ಪಾಲು ಶೇಕಡಾ 5ನ್ನೂ ದಾಟುವುದಿಲ್ಲ. ಬಾಯಲ್ಲಿ ಎಂಜಲು ಊರಿದ ಹಾಗೆ ಅದು ಮತ್ತೆ ತಯಾರಾಗುತ್ತಲೇ ಇರುತ್ತದೆ. ರಕ್ತ ಕರಗಿ ಹೋಗುವುದಿಲ್ಲ, ಬೆನ್ನುಮೂಳೆ ಸವೆಯುವುದಿಲ್ಲ.

ಇನ್ನು ಮೂತ್ರದಲ್ಲಿ ಬಿಳಿ. ಹುಡುಗರನ್ನು ಹೆಚ್ಚು ಹೆದರಿಸುವುದು ಇದೇ, ಏಕೆಂದರೆ ಇದು ಕಣ್ಣಿಗೆ ಕಾಣುತ್ತದೆ. ಊಟವಾದ ಮೇಲೆ ಮೂತ್ರ ಕ್ಷಾರಗುಣಕ್ಕೆ ತಿರುಗಿದಾಗ ಅದರಲ್ಲಿನ ಫಾಸ್ಫೇಟ್ ಲವಣ ಕರಗದೆ ಉಳಿದು ಸುಣ್ಣದ ನೀರಿನ ಹಾಗೆ ಬೆಳ್ಳಗೆ ಕಾಣಿಸುತ್ತದೆ. ಗಾಜಿನ ಕೊಳವೆಯಲ್ಲಿ ಹತ್ತು ಮಿಲಿಲೀಟರ್ ಮೂತ್ರ ತೆಗೆದುಕೊಂಡು ತೆಳು ಅಸಿಟಿಕ್ ಆಮ್ಲದ ಮೂರ್ನಾಲ್ಕು ಹನಿ ಬಿಟ್ಟರೆ ಬಿಳುಪು ಕಣ್ಣೆದುರೇ ಕರಗಿ ಮೂತ್ರ ತಿಳಿಯಾಗುತ್ತದೆ. ಧಾತುವಾಗಿದ್ದರೆ ಹಾಗೆ ಕರಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಯಾವ ಪ್ರಯೋಗಾಲಯದಲ್ಲಾದರೂ ಎರಡು ನಿಮಿಷದಲ್ಲಿ ಆಗುವ ಕೆಲಸ ಇದು. ಆಮ್ಲ ಹಾಕಿದ ಮೇಲೂ ಬಿಳುಪು ಹೋಗದಿದ್ದರೆ ಸೂಕ್ಷ್ಮದರ್ಶಕದಲ್ಲಿ ಕೀವುಕಣ ನೋಡಬೇಕು, ಸೋಂಕು ಇದ್ದೀತು. ಮಲಬದ್ಧತೆಯಿಂದ ತಿಣುಕುವಾಗ ಒಂದೆರಡು ಹನಿ ಅಂಟುದ್ರವ ಬರುವುದುಂಟು, ಅದು ಪ್ರಾಸ್ಟೇಟಿನದು. ಅದಕ್ಕೆ ಬೇಕಾದದ್ದು ನೀರು, ಸೊಪ್ಪು, ಕಾಳು.

ನಮ್ಮ ಜಿಲ್ಲೆಯ ಬಿಸಿಲು ಈ ಭಯಕ್ಕೆ ಎಣ್ಣೆ ಹೊಯ್ಯುತ್ತದೆ. ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಮೆಣಸಿನಕಾಯಿ ಹೊಲದಲ್ಲೋ ಕಟ್ಟಡದ ಮೇಲೋ ದುಡಿಯುವವನಿಗೆ ಬೆವರು ಹೋದಷ್ಟು ನೀರು ಒಳಗೆ ಹೋಗುವುದಿಲ್ಲ. ಮೂತ್ರ ಕಡು ಹಳದಿಯಾಗಿ ಉರಿಯುತ್ತದೆ. ‘ಉಷ್ಣ ಆಗೈತಿ, ಧಾತು ಹೊಂಟೈತಿ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಮೂತ್ರ ತಿಳಿಹಳದಿ ಆಗುವವರೆಗೆ ನೀರು, ಮಜ್ಜಿಗೆ ಕುಡಿದರೆ ಹೋಗುವ ಉರಿಗೆ ಅವನು ಮೂರು ತಿಂಗಳ ಕೋರ್ಸ್ ತೆಗೆದುಕೊಳ್ಳುತ್ತಾನೆ. ಗುಪ್ತವಾಗಿ ಪಾರ್ಸೆಲ್ ಬರುತ್ತದೆ, ಸಾವಿರಗಟ್ಟಲೆ ಹಣ ಹೋಗುತ್ತದೆ.

ಹಣ ಹೋದರೆ ಹೋಗಲಿ ಎನ್ನುವಂತಿಲ್ಲ. ಗಿಡಮೂಲಿಕೆ ಎಂದು ಮಾರುವ ಇಂಥ ಗುಳಿಗೆಗಳಲ್ಲಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಔಷಧ ಬೆರೆಸಿರುವುದು ಔಷಧ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಇದನ್ನೂ ನುಂಗಿದರೆ ರಕ್ತದೊತ್ತಡ ದಿಢೀರ್ ಕುಸಿದು ಜೀವಕ್ಕೇ ಅಪಾಯ. ಭಸ್ಮದ ಹೆಸರಿನ ಕೆಲವು ಪುಡಿಗಳಲ್ಲಿ ಸೀಸ, ಪಾದರಸ ಪತ್ತೆಯಾಗಿವೆ. ಅದಕ್ಕಿಂತ ದೊಡ್ಡ ನಷ್ಟ ತಡವಾಗುವುದು. ನಲವತ್ತೈದು ವರ್ಷದವನಿಗೆ ನಿಮಿರುವಿಕೆಯ ತೊಂದರೆ ಮೂರು ತಿಂಗಳು ಮೀರಿ ಉಳಿದರೆ ಅದು ಸಕ್ಕರೆ ಕಾಯಿಲೆಯ ಅಥವಾ ರಕ್ತನಾಳದ ಕಾಯಿಲೆಯ ಮೊದಲ ಸುಳಿವಾಗಿರಬಹುದು. ಅವನು ರಕ್ತ ಪರೀಕ್ಷೆಗೆ ಹೋಗಬೇಕಾದ ಎರಡು ವರ್ಷವನ್ನು ಪಾರ್ಸೆಲ್ ನುಂಗಿ ಹಾಕುತ್ತದೆ. ಹುಡುಗರ ವಿಷಯದಲ್ಲಿ ವರ್ಷ ಅಲ್ಲ, ಗಂಟೆಗಳ ಪ್ರಶ್ನೆ. ಬೀಜಕ್ಕೆ (ವೃಷಣಕ್ಕೆ) ಹಠಾತ್ತನೆ ತಡೆಯಲಾಗದ ನೋವು ಬಂದು ವಾಂತಿ ಬಂದಂತಾದರೆ ಒಳಗಿನ ನಾಳ ತಿರುಚಿಕೊಂಡಿರಬಹುದು. 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಆ ಬೀಜ ಉಳಿಯುವ ಸಾಧ್ಯತೆ ಗಂಟೆಗಂಟೆಗೂ ಕಡಿಮೆಯಾಗುತ್ತದೆ. ‘ಅಲ್ಲಿ’ ನೋವು ಎಂದು ಅವ್ವನಿಗೆ ಹೇಳಲು ನಾಚಿ ಬೆಳಗಿನವರೆಗೆ ಮುದುಡಿ ಮಲಗುವ ಹುಡುಗನಿಗೆ ಈ ಮಾತನ್ನು ಯಾವ ಗೋಡೆಯೂ ಹೇಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಕಾಯ್ದೆ, 1954ರ 3ನೇ ಕಲಂ ಲೈಂಗಿಕ ಶಕ್ತಿ ಹೆಚ್ಚಿಸುವ, ಮುಟ್ಟಿನ ದೋಷ ಸರಿಪಡಿಸುವ, ಗರ್ಭ ತೆಗೆಸುವ ಔಷಧಗಳ ಜಾಹೀರಾತನ್ನು ನಿಷೇಧಿಸುತ್ತದೆ. ಈ ಕಾಯ್ದೆಯ ಪ್ರಕಾರ ಜಾಹೀರಾತು ಎಂದರೆ ಪತ್ರಿಕೆಯದು ಮಾತ್ರವಲ್ಲ. ಸೂಚನಾಪತ್ರ, ಕರಪತ್ರ, ಲೇಬಲ್, ಹೊದಿಕೆ, ಬಾಯಿಮಾತಿನ ಘೋಷಣೆ, ಬೆಳಕು, ಧ್ವನಿ ಅಥವಾ ಹೊಗೆಯ ಮೂಲಕ ಸಾರುವುದು ಎಲ್ಲವೂ ಸೇರುತ್ತದೆ. ಅಂದರೆ ಆಟೋದ ಮೈಕೂ ಸೇರಿತು, ಕೇಬಲ್ ಚಾನೆಲ್ಲಿನ ಅಡಿಪಟ್ಟಿಯೂ ಸೇರಿತು. ನೋಂದಾಯಿತ ವೈದ್ಯರು ತಮ್ಮ ದವಾಖಾನೆಯ ಮುಂದೆ ಹಾಕಿಕೊಂಡ ಫಲಕಕ್ಕೆ ವಿನಾಯಿತಿ ಇದೆ, ಆದ್ದರಿಂದ ಗೋಡೆ ತೆರವು ಮಾಡುವ ಸಿಬ್ಬಂದಿಗೆ ಈ ವ್ಯತ್ಯಾಸ ಮೊದಲೇ ಹೇಳಿಕೊಡಬೇಕು, ಇಲ್ಲವಾದರೆ ಪ್ರಾಮಾಣಿಕ ವೈದ್ಯರಿಗೆ ತೊಂದರೆಯಾಗುತ್ತದೆ. ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಯಲ್ಲಿ ಕೂತು ‘ನೋಡುವ’ವರದು ಬೇರೆ ಕತೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ನೋಂದಣಿ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ನೋಂದಣಿ ಇಲ್ಲದ ಕೋಣೆಗೆ ಬೀಗ ಹಾಕಿಸಲು ಹೊಸ ಆದೇಶ ಬೇಕಾಗಿಲ್ಲ. ಗೋಡೆಗಳಿಗೆ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ, 1981 ಇದೆ. ಕೇಬಲ್ಲಿಗೆ 1994ರ ನಿಯಮಗಳ 7ನೇ ನಿಯಮವಿದೆ, ಪವಾಡಸದೃಶ ಗುಣ ಇದೆಯೆಂದು ನಂಬಿಸುವ ಜಾಹೀರಾತು ಕೂಡದು ಎಂದು ಅದು ನೇರವಾಗಿ ಹೇಳುತ್ತದೆ. 1995ರ ಕೇಬಲ್ ಟೆಲಿವಿಷನ್ ಕಾಯ್ದೆಯಡಿ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ತಾವೇ, ಅಧಿಕೃತ ಅಧಿಕಾರಿಗಳು.

ಆದರೆ ಚೀಟಿ ಕಿತ್ತರೆ ಮಾತ್ರ ಸಾಲದು. ಕಿತ್ತ ಜಾಗ ಖಾಲಿ ಬಿಟ್ಟರೆ ವಾರದೊಳಗೆ ಹೊಸ ಚೀಟಿ ಬರುತ್ತದೆ, ಹುಡುಗನ ಪ್ರಶ್ನೆಗೆ ಉತ್ತರವೂ ಸಿಕ್ಕಿರುವುದಿಲ್ಲ. ಸರ್ಕಾರಿ ಜಾಗೃತಿ ಬರಹಗಳು ಸೋಲುವುದು ಜಾಗದ ಆಯ್ಕೆಯಲ್ಲಿ. ಕಚೇರಿಯ ಗೇಟಿನ ಪಕ್ಕ ಹತ್ತು ಸಾಲು ಬರೆಸಿದರೆ ನಿಂತು ಓದುವವರಿಲ್ಲ, ಓದಲು ನಿಂತವನನ್ನು ನಾಲ್ಕು ಜನ ನೋಡುತ್ತಾರೆ. ಒಬ್ಬನೇ ನಿಲ್ಲುವ ಜಾಗ ಬೇಕು. ಮೂತ್ರಾಲಯದ ಒಳಗೋಡೆಗೆ, ನೆಲದಿಂದ ಐದು ಅಡಿ ಎತ್ತರದಲ್ಲಿ, ಅಂಗೈ ಅಗಲದ ಲ್ಯಾಮಿನೇಟ್ ಮಾಡಿದ ಹಾಳೆ. ಅದರಲ್ಲಿ ಐದೇ ಸಾಲು:

‘ನಿದ್ದೆಯಲ್ಲಿ ಸ್ಖಲನ ರೋಗವಲ್ಲ. ಮೂತ್ರ ಬೆಳ್ಳಗಿದ್ದರೆ ಮೊದಲು ನೀರು ಕುಡಿಯಿರಿ, ಹೋಗದಿದ್ದರೆ ಪರೀಕ್ಷೆ ಮಾಡಿಸಿ. ಹುಣ್ಣು, ಕೀವು, ರಕ್ತ, ಬಾವು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಬೀಜಕ್ಕೆ ದಿಢೀರ್ ನೋವು ಬಂದರೆ ಆಗಲೇ ಬನ್ನಿ. ಮನಸ್ಸಿಗೆ ಭಯವಾದರೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು.’

ಕೊನೆಯ ಸಂಖ್ಯೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನದು, ದುಡ್ಡಿಲ್ಲದೆ ಸಿಗುವ ಸೇವೆ. ಹೊರಗೋಡೆಗಾದರೆ ಹತ್ತಡಿ ಅಗಲ, ನಾಲ್ಕಡಿ ಎತ್ತರ, ಮೂರು ಸಾಲು ಮೀರಬಾರದು. ಮೂವತ್ತಡಿ ದೂರದಿಂದ ಓದಲು ಇಂಗ್ಲಿಷಿಗೆ ಮೂರಿಂಚಿನ ಅಕ್ಷರ ಸಾಕು, ನಮಗೆ ಒತ್ತಕ್ಷರ ಇರುವುದರಿಂದ ಐದಿಂಚು ಇಟ್ಟುಕೊಳ್ಳಬೇಕು. ಸುಣ್ಣದ ಗೋಡೆಯ ಮೇಲೆ ನೇರವಾಗಿ ಎನಾಮಲ್ ಬಳಿದರೆ ಒಂದು ಬೇಸಿಗೆಯಲ್ಲಿ ಹಪ್ಪಳದ ಹಾಗೆ ಎದ್ದುಬರುತ್ತದೆ. ಹಳೆಯ ಸುಣ್ಣ ಕೆರೆದು, ಸಿಮೆಂಟ್ ಪ್ರೈಮರ್ ಒಂದು ಕೋಟ್ ಕೊಟ್ಟು, ಒಣಗಿದ ಮೇಲೆ ಬರೆಸಬೇಕು.

ಹೆಣ್ಣುಮಕ್ಕಳ ಚೀಟಿ ಬೇರೆ. ‘ಬಿಳಿ ಹೋಗುವುದು’ ಎಂಬ ಒಂದೇ ಮಾತಿನಲ್ಲಿ ಅದು ಸಹಜ ಸ್ರಾವವನ್ನೂ ಸೋಂಕನ್ನೂ ಒಂದೇ ಗಂಟು ಕಟ್ಟಿ ‘ಮೂಳೆ ಕರಗಿ ಹೋಗುತ್ತಿದೆ’ ಎನ್ನುತ್ತದೆ. ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಬಿಳಿಯಂತೆ ಎಳೆಯೆಳೆಯಾಗಿ ಬರುವ ಸ್ರಾವ ಆರೋಗ್ಯದ ಲಕ್ಷಣ. ಮೊಸರು ಒಡೆದಂತಿದ್ದು ತುರಿಸಿದರೆ, ಹಸಿರು ಹಳದಿಯಾಗಿ ನಾರಿದರೆ, ರಕ್ತ ಬೆರೆತಿದ್ದರೆ ತೋರಿಸಬೇಕು. ಲೈಂಗಿಕ ಸೋಂಕು ನೋಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆ ಬಣ್ಣ ಬಣ್ಣದ ಔಷಧ ಕಿಟ್‌ಗಳು ಉಚಿತ, ಯೋನಿಸ್ರಾವದ ಸೋಂಕಿಗೆ ಹಸಿರು ಕಿಟ್. ಒಂದು ದಿನದ ಗುಳಿಗೆಯಲ್ಲಿ ಹೋಗುವ ಸೋಂಕನ್ನು ಹೆಣ್ಣುಮಕ್ಕಳು ವರ್ಷಗಟ್ಟಲೆ ಹೊತ್ತು ತಿರುಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾಂಡೋಮ್ ಜಾಹೀರಾತಿನ ಬಗ್ಗೆ ಒಂದೇ ಮಾತು. 2017ರ ಡಿಸೆಂಬರಿನಲ್ಲಿ ಕೇಂದ್ರ ವಾರ್ತಾ ಸಚಿವಾಲಯ ಇವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತೋರಿಸಿ ಎಂದಿತು, ಆಮೇಲೆ ಪ್ರಚೋದಕ ದೃಶ್ಯ ಇಲ್ಲದವುಗಳಿಗೆ ಅಡ್ಡಿಯಿಲ್ಲ ಎಂದು ವಿವರಿಸಿತು. ಪರದೆಯ ಮೇಲೆ ಉಳಿದದ್ದು ಮಂಚ, ಮಂದ ಬೆಳಕು, ಹಣ್ಣಿನ ವಾಸನೆ. ಕಾಂಡೋಮ್ ಯಾಕೆ ಹರಿಯುತ್ತದೆ ಎಂದು ಹೇಳುವವರಿಲ್ಲ: ಜೇಬಿನ ಪರ್ಸಿನಲ್ಲಿ ಬೇಸಿಗೆಯಿಡೀ ಬೆಂದ ರಬ್ಬರ್, ಹಲ್ಲಿನಿಂದ ಹರಿದ ಪೊಟ್ಟಣ, ತುದಿಯ ಗಾಳಿ ಹಿಂಡದೆ ತೊಡುವುದು, ಕೊಬ್ಬರಿ ಎಣ್ಣೆ ಸವರುವುದು. ಎಣ್ಣೆ ತಗುಲಿದ ಲೇಟೆಕ್ಸ್ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಆರೋಗ್ಯ ಕೇಂದ್ರದ ಉಚಿತ ನಿರೋಧ್ ಪೆಟ್ಟಿಗೆಯೂ ಬಿಸಿಲು ಬೀಳುವ ಗೋಡೆಗೆ ನೇತಾಡಬಾರದು.

ಈಗ ಸಿನಿಮಾ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳು ಕನ್ನಡ, ತೆಲುಗು ಎರಡೂ ಚಿತ್ರಗಳನ್ನು ಹಬ್ಬದಂತೆ ನೋಡುವ ನೆಲ. ಬಳ್ಳಾರಿಯಲ್ಲಿ, ಆಂಧ್ರದಿಂದ ಬಂದು ನೆಲೆಸಿದವರ ಸಿಂಧನೂರು ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗು ಚಿತ್ರ ಬಂತೆಂದರೆ ಕಟೌಟಿಗೆ ಹಾಲು ಬೀಳುತ್ತದೆ. ಆ ಪ್ರೀತಿಯ ಮೇಲೆ ನಮಗೆ ಯಾವ ತಕರಾರೂ ಇಲ್ಲ. ತಕರಾರಿರುವುದು ದಶಕಗಳಿಂದ ಬದಲಾಗದ ಒಂದು ದೃಶ್ಯದ ಬಗ್ಗೆ: ನಾಯಕಿ ಬೇಡ ಅನ್ನುತ್ತಾಳೆ, ನಾಯಕ ಹಿಂದೆ ಬೀಳುತ್ತಾನೆ, ದಾರಿಗೆ ಅಡ್ಡ ನಿಲ್ಲುತ್ತಾನೆ, ಗೆಳೆಯರು ಸೀಟಿ ಹೊಡೆಯುತ್ತಾರೆ, ಹಾಡು ಶುರುವಾಗುತ್ತದೆ, ಹಾಡು ಮುಗಿಯುವಷ್ಟರಲ್ಲಿ ಅವಳು ಒಪ್ಪಿರುತ್ತಾಳೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದನ್ನು ಹಿಂಬಾಲಿಸುವಿಕೆ ಎನ್ನುತ್ತದೆ. ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಬೆನ್ನಟ್ಟಿ ಸಂಪರ್ಕಿಸಲು ಯತ್ನಿಸಿದರೆ ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. 2023ರ ತಿದ್ದುಪಡಿಯ ನಂತರ ಸಿನಿಮಾ ಪ್ರಮಾಣಪತ್ರದಲ್ಲಿ 7, 13, 16 ಎಂದು ವಯಸ್ಸಿನ ಗುರುತು ಬಂದಿದೆ, ಒಳ್ಳೆಯದೇ. ಆದರೆ ಹದಿನಾರರ ಹುಡುಗ ಪರದೆಯಲ್ಲಿ ಕಂಡದ್ದನ್ನು ಕಾಲೇಜಿನ ದಾರಿಯಲ್ಲಿ ಮಾಡಿದರೆ ಏನಾಗುತ್ತದೆ ಎಂಬುದು ಪ್ರಮಾಣಪತ್ರದಲ್ಲಿ ಇರುವುದಿಲ್ಲ.

ಇದಕ್ಕೆ ಕೆಲಸ ಮಾಡುವ ಒಂದು ವಿಧಾನ ಇದೆ, ಶಾಲೆಯಲ್ಲಾಗಲಿ ಯುವಕ ಮಂಡಳದಲ್ಲಾಗಲಿ ನಲವತ್ತು ನಿಮಿಷ ಸಾಕು. ಇಂಥದ್ದೊಂದು ದೃಶ್ಯದ ಎರಡು ನಿಮಿಷ ಆರಿಸಿಕೊಳ್ಳಿ. ಮೊದಲು ಧ್ವನಿ ಪೂರ್ತಿ ತೆಗೆದು ತೋರಿಸಿ. ಕೈಗೆ ಒಂದೊಂದು ಹಾಳೆ ಕೊಟ್ಟು ಐದು ಎಣಿಕೆ ಮಾಡಿಸಿ: ಅವಳು ಎಷ್ಟು ಸಲ ಮುಖ ತಿರುಗಿಸಿದಳು, ಎಷ್ಟು ಸಲ ಹೆಜ್ಜೆ ಜೋರು ಮಾಡಿದಳು, ಸುತ್ತ ನಿಂತು ನೋಡಿದವರೆಷ್ಟು, ಕ್ಯಾಮೆರಾ ಅವಳ ಮುಖ ಎಷ್ಟು ಸೆಕೆಂಡು ತೋರಿಸಿತು, ಸೊಂಟ ಎಷ್ಟು ಸೆಕೆಂಡು. ಆಮೇಲೆ ಅದೇ ದೃಶ್ಯವನ್ನು ಧ್ವನಿಯೊಂದಿಗೆ ಹಾಕಿ. ಮಕ್ಕಳೇ ಹೇಳುತ್ತಾರೆ: ಸದ್ದಿಲ್ಲದಾಗ ಅವಳು ಹೆದರಿದಂತೆ ಕಂಡಳು, ತಬಲಾ ಕೊಳಲು ಬಂದ ಮೇಲೆ ನಾಚಿದಂತೆ ಕಂಡಳು. ಹೆದರಿಕೆಯನ್ನು ನಾಚಿಕೆ ಮಾಡಿದ್ದು ಸಂಗೀತ ಎಂಬುದು ಅವರಿಗೆ ಅಲ್ಲೇ ಹೊಳೆಯುತ್ತದೆ. ಈ ಪಾಠ ಎರಡು ಕಡೆ ಕೆಡುತ್ತದೆ. ಮಕ್ಕಳ ಮೆಚ್ಚಿನ ನಟನ ಚಿತ್ರ ಆರಿಸಿದರೆ ವಾದ ನಟನ ಸುತ್ತ ಸುತ್ತುತ್ತದೆ, ಅದಕ್ಕೇ ಅವರಿಗೆ ಪರಿಚಯವಿಲ್ಲದ ಹಳೆಯ ಚಿತ್ರ ಮೇಲು. ಶಿಕ್ಷಕರು ಮೊದಲೇ ‘ಇದು ತಪ್ಪು’ ಎಂದು ಶುರು ಮಾಡಿದರೆ ಹುಡುಗರು ಎಣಿಸುವುದನ್ನು ಬಿಟ್ಟು ಶಿಕ್ಷಕರಿಗೆ ಬೇಕಾದ ಉತ್ತರ ಬರೆಯುತ್ತಾರೆ.

ಚಿತ್ರಮಂದಿರಗಳ ಪರವಾನಗಿ ಪ್ರಾಧಿಕಾರವೂ ಜಿಲ್ಲಾ ದಂಡಾಧಿಕಾರಿಗಳೇ. ತಂಬಾಕಿನ ಬಗ್ಗೆ 30 ಸೆಕೆಂಡಿನ ತುಣುಕು ಚಿತ್ರದ ಆರಂಭಕ್ಕೆ ಮತ್ತು ನಡುವಿಗೆ ಬರುವುದು 2012ರಿಂದ ರೂಢಿಯಾಗಿದೆ. ಅದೇ ರೀತಿ ‘ಬೇಡ ಅಂದರೆ ಬೇಡ, 18ರ ಒಳಗೆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ’ ಎಂಬ 30 ಸೆಕೆಂಡನ್ನು ಇಂಟರ್‌ವಲ್ಲಿನಲ್ಲಿ ಹಾಕಲು ಮಾಲೀಕರನ್ನು ಕರೆದು ಕೇಳಿ. ನಾವು ಬಲ್ಲಂತೆ ಅನೇಕರು ಒಪ್ಪುತ್ತಾರೆ. 18ರ ಮಾತು ಬಿಡಬಾರದು. ಪಿಯುಸಿ ಪ್ರೇಮವನ್ನು ಚಿತ್ರಗಳು ಅಷ್ಟು ಚೆಂದ ತೋರಿಸುತ್ತವೆ, ಹದಿನೇಳರ ಹುಡುಗಿ ತಾನೇ ಒಪ್ಪಿ ಜೊತೆಗೆ ಹೋದರೂ ಹುಡುಗನ ಮೇಲೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣ ದಾಖಲಾಗುತ್ತದೆ ಎಂಬ ಸಂಗತಿ ಇಬ್ಬರಿಗೂ ಗೊತ್ತಾಗುವುದು ಠಾಣೆಯಲ್ಲಿ.

ಮೊದಲ ರಾತ್ರಿಯ ದೃಶ್ಯ ಇನ್ನೊಂದು. ಹಾಲಿನ ಲೋಟ, ಮಲ್ಲಿಗೆ, ಬಿಳಿ ಹಾಸಿಗೆ, ಮರುದಿನ ಬೆಳಿಗ್ಗೆ ಹಿರಿಯರ ಮುಸಿನಗು. ಅದು ಬಿತ್ತುವ ನಂಬಿಕೆ ಮೊದಲ ಸಲ ರಕ್ತ ಬರಲೇಬೇಕು ಎಂಬುದು. ಯೋನಿದ್ವಾರದ ಪೊರೆ ಹಿಗ್ಗುವಂಥದ್ದು, ಪ್ರತಿಯೊಬ್ಬರಲ್ಲೂ ಬೇರೆ ಆಕಾರದ್ದು, ಎಷ್ಟೋ ಜನರಿಗೆ ರಕ್ತ ಬರುವುದೇ ಇಲ್ಲ. ಅದನ್ನು ನೋಡಿ ಹಿಂದಿನದನ್ನು ಹೇಳಲು ಯಾವ ವೈದ್ಯರಿಗೂ ಆಗದು. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅತ್ಯಾಚಾರ ಸಂತ್ರಸ್ತೆಯ ಯೋನಿಗೆ ಮಾಡುವ ಎರಡು ಬೆರಳ ಪರೀಕ್ಷೆ ದುರ್ನಡತೆ ಎಂದು ಸಾರಿದ್ದಕ್ಕೆ ಈ ವಿಜ್ಞಾನವೂ ಒಂದು ಕಾರಣ. ಹಾಸಿಗೆ ಬಟ್ಟೆ ನೋಡಿ ಹೆಣ್ಣಿನ ನಡತೆ ಅಳೆಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಸತ್ತಿಲ್ಲ.

ಮೊಬೈಲಿನ ಅಶ್ಲೀಲ ವಿಡಿಯೋಗಳ ಬಗ್ಗೆ ಗಂಡಸರಿಗೆ ಹೇಳಬೇಕಾದ ಎರಡು ಅಂಕಿಗಳಿವೆ. ಐದು ದೇಶಗಳ 500 ಜೋಡಿಗಳು ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದ 2005ರ ಅಧ್ಯಯನದಲ್ಲಿ ಸಂಭೋಗದ ಮಧ್ಯಮ ಅವಧಿ 5.4 ನಿಮಿಷ. 15,000ಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಕೂಡಿಸಿದ 2015ರ ವಿಶ್ಲೇಷಣೆಯಲ್ಲಿ ನಿಮಿರಿದಾಗಿನ ಸರಾಸರಿ ಉದ್ದ ಸುಮಾರು 13 ಸೆಂಟಿಮೀಟರ್. ವಿಡಿಯೋದಲ್ಲಿ ಕಾಣುವ ಅರ್ಧ ಗಂಟೆ ಹಲವು ಗಂಟೆಯ ಚಿತ್ರೀಕರಣವನ್ನು ಕತ್ತರಿಸಿ ಹೊಲಿದದ್ದು. ಅಲ್ಲಿ ಒಪ್ಪಿಗೆ ಕೇಳುವುದನ್ನು ತೋರಿಸುವುದಿಲ್ಲ, ನೋವಾದರೆ ನಿಲ್ಲಿಸುವುದನ್ನು ತೋರಿಸುವುದಿಲ್ಲ. ಮದುವೆಯಾದ ವಾರದಲ್ಲೇ ಸಮಾಲೋಚನೆಗೆ ಬರುವ ಹೊಸ ಜೋಡಿಗಳ ಜಗಳದ ಬೇರು ಬಹಳ ಸಲ ಇಲ್ಲಿರುತ್ತದೆ.

ಖಾಸಗಿ ಚಿತ್ರ ಇಟ್ಟುಕೊಂಡು ಬೆದರಿಸುವವರ ವಿಷಯಕ್ಕೆ ಹಂತಗಳು ಗೊತ್ತಿದ್ದರೆ ಜೀವ ಉಳಿಯುತ್ತದೆ. ಹಣ ಕಳಿಸಬಾರದು, ಒಮ್ಮೆ ಕಳಿಸಿದರೆ ಬೇಡಿಕೆ ನಿಲ್ಲುವುದಿಲ್ಲ. ಗಾಬರಿಯಲ್ಲಿ ಚಾಟ್ ಅಳಿಸಬಾರದು, ಅದೇ ಸಾಕ್ಷಿ. ಖಾತೆಯ ಹೆಸರು, ಕೊಂಡಿ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ, ಸೈಬರ್ ಸಹಾಯವಾಣಿ 1930ಕ್ಕೆ ಅಥವಾ ಜಿಲ್ಲೆಯ ಸೈಬರ್ ಅಪರಾಧ ನೋಡುವ ಸೆನ್ ಠಾಣೆಗೆ ದೂರು. ಮಕ್ಕಳಾಗಿದ್ದರೆ ಮಕ್ಕಳ ಸಹಾಯವಾಣಿ 1098. ಹದಿನೆಂಟರ ಒಳಗಿನವರ ನಗ್ನ ಚಿತ್ರ ಅವರೇ ಕಳಿಸಿದ್ದಾದರೂ ಅದನ್ನು ಮುಂದಕ್ಕೆ ಕಳಿಸುವುದು ಅಪರಾಧ ಎಂಬುದು ಪ್ರತಿ ಹೈಸ್ಕೂಲಿನ ಫಲಕದ ಮೇಲೆ ಇರಬೇಕು.

ಮಾನ್ಯರೇ, ಸುದ್ದಿಯ ಕಡೆಗೆ ಬರುತ್ತೇವೆ, ಇಲ್ಲಿ ತಮ್ಮ ಮಾತು ನೇರವಾಗಿ ನಡೆಯುತ್ತದೆ. ಪೋಕ್ಸೋ ಕಾಯ್ದೆಯ 23ನೇ ಕಲಂ ಮಗುವಿನ ಹೆಸರು, ವಿಳಾಸ, ಫೋಟೋ, ಕುಟುಂಬ, ಶಾಲೆ, ನೆರೆಹೊರೆ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ನ್ಯಾಯ ಸಂಹಿತೆಯ 72ನೇ ಕಲಂ ವಯಸ್ಕರಿಗೂ ಆ ರಕ್ಷಣೆ ಕೊಡುತ್ತದೆ. ದೂರದಿಂದಲೂ ಗುರುತು ಸಿಗುವ ಯಾವ ಸಂಗತಿಯನ್ನೂ ಬರೆಯಬಾರದು ಎಂದು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಆದರೂ ಎಲ್ಲೋ ಒಂದು ಕಡೆ ಹೊರಡುವ ಪ್ರಕಟಣೆಯಲ್ಲಿ ‘ಇಂಥ ತಾಲ್ಲೂಕಿನ ಇಂಥ ಗ್ರಾಮದ 9ನೇ ತರಗತಿ ವಿದ್ಯಾರ್ಥಿನಿ’ ಎಂದಿರುತ್ತದೆ. ಇನ್ನೂರು ಮನೆಯ ಹಳ್ಳಿಯಲ್ಲಿ 9ನೇ ತರಗತಿಗೆ ಹೋಗುವ ಹುಡುಗಿಯರು ಐದೋ ಆರೋ. ಹೆಸರು ಬರೆಯದಿದ್ದರೂ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆರೋಪಿ ತಂದೆಯೋ ಚಿಕ್ಕಪ್ಪನೋ ಆಗಿದ್ದು ಅವನ ಹೆಸರು ಬರೆದರೆ ಮಗುವಿನ ಹೆಸರನ್ನೇ ಬರೆದಂತೆ.

ಆದ್ದರಿಂದ ಪತ್ರಿಕಾ ಪ್ರಕಟಣೆಗೆ ಒಂದು ನಮೂನೆ ಇರಲಿ. ಸ್ಥಳ: ತಾಲ್ಲೂಕು ಮಾತ್ರ. ವಯಸ್ಸು: ‘ಅಪ್ರಾಪ್ತೆ’ ಎಂದಷ್ಟೇ. ಶಾಲೆ, ತರಗತಿ, ಜಾತಿ, ತಂದೆತಾಯಿಯ ಉದ್ಯೋಗ ಬೇಡ. ಆರೋಪಿ ಸಂಬಂಧಿಯಾದರೆ ಅವನ ಹೆಸರೂ ಬೇಡ, ಸಂಬಂಧವೂ ಬೇಡ. ಎಫ್‌ಐಆರ್ ಪ್ರತಿ ವಾಟ್ಸಾಪ್ ಗುಂಪಿಗೆ ಹೋಗಬಾರದು. ಲೈಂಗಿಕ ಅಪರಾಧಗಳ ಎಫ್‌ಐಆರ್ ಜಾಲತಾಣಕ್ಕೂ ಏರಿಸುವಂತಿಲ್ಲ ಎಂಬುದು 2016ರಿಂದಲೇ ಇರುವ ನಿರ್ದೇಶನ. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಮೈಕ್ ಹಿಡಿದು ನಿಲ್ಲಲು ಯಾರಿಗೂ ಬಿಡಬಾರದು. ಹಿಂದಿನ ದೇವದಾಸಿ ಪದ್ಧತಿಯ ಕುಟುಂಬಗಳ ಬಗ್ಗೆ ವರದಿ ಮಾಡುವಾಗ ಮಕ್ಕಳ ಮುಖ ತೋರಿಸುವುದೂ ನಿಲ್ಲಬೇಕು. ಆ ಒಂದು ಫೋಟೋ ಹುಡುಗಿಯ ಜೊತೆ ಹಾಸ್ಟೆಲ್ಲಿಗೆ, ಕಾಲೇಜಿಗೆ, ಮದುವೆಗೆ ಹೋಗುತ್ತದೆ.

ಪದಗಳೂ ಬದಲಾಗಲಿ. ‘ಮಾನಭಂಗ’, ‘ಶೀಲ ಕಳೆದುಕೊಂಡ’ ಎಂದು ಬರೆದ ಕೂಡಲೇ ಕಳೆದುಕೊಂಡವಳು ಅವಳಾಗುತ್ತಾಳೆ. ‘ರಾತ್ರಿ ಒಂಟಿಯಾಗಿ ಹೊರಟಿದ್ದ’ ಎಂದು ಶುರುವಾಗುವ ವಾಕ್ಯ ತೀರ್ಪನ್ನೇ ಕೊಟ್ಟುಬಿಡುತ್ತದೆ. ‘ಲೈಂಗಿಕ ದೌರ್ಜನ್ಯ ಎಸಗಿದ ಆರೋಪದಲ್ಲಿ ಒಬ್ಬನ ಬಂಧನ’ ಎಂದರೆ ಕೃತ್ಯ ಮಾಡಿದವನ ಹೆಗಲಿಗೇ ಇರುತ್ತದೆ, ಕನ್ನಡವೂ ಕೆಡುವುದಿಲ್ಲ.

ಜಾತ್ರೆಗಳ ಮಾತು ಚಿಕ್ಕದು. ಅಂಬಾಮಠದ ಬನದ ಹುಣ್ಣಿಮೆಗಾಗಲಿ ಹುಲಿಗಿಗಾಗಲಿ ಗವಿಮಠದ ಜಾತ್ರೆಗಾಗಲಿ ಬರುವ ಜನ ನಾಟಕ ನೋಡಿ ಹೋಗುವ ಜನ. ಕಂಪನಿ ನಾಟಕದ ದ್ವಂದ್ವಾರ್ಥದ ಮಾತನ್ನು ದೂರುವವರು ಆ ಕಲಾವಿದೆಯ ಕಷ್ಟವನ್ನೂ ನೋಡಬೇಕು. ರಸಮಂಜರಿ, ನಾಟಕಕ್ಕೆ ಅನುಮತಿ ಕೊಡುವಾಗ ಎರಡು ಷರತ್ತು ಸಾಕು: ಪ್ರೇಕ್ಷಕರು ವೇದಿಕೆ ಹತ್ತಿ ಕಲಾವಿದೆಯರಿಗೆ ನೋಟು ಚುಚ್ಚುವಂತಿಲ್ಲ, ಹದಿನೆಂಟರ ಒಳಗಿನವರನ್ನು ಕುಣಿಸುವಂತಿಲ್ಲ. ಹೆಣ್ಣುಡುಗೆ ತೊಟ್ಟು ಎಲ್ಲಮ್ಮನ ಸೇವೆ ಮಾಡುವ ಜೋಗಪ್ಪಂದಿರನ್ನು ಅವರ ಚೌಡಿಕೆ ವಾದ್ಯದ ಜೊತೆ ಗೌರವದಿಂದ ಕಂಡ ನೆಲ ಇದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಬಂದಿದೆ, ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಅಂಥ ನೆಲದ ರೀಲ್ಸ್‌ಗಳಲ್ಲಿ, ಹಾಸ್ಯದ ತುಣುಕುಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಚಪ್ಪಾಳೆಯ ನಗೆಪಾಟಲಾಗಿರುವುದು ನೋವಿನ ಸಂಗತಿ. ಸಲಿಂಗ ಪ್ರೇಮ ಅಪರಾಧವಲ್ಲ ಎಂದು 2018ರ ಸೆಪ್ಟೆಂಬರ್ 6ರಂದು ತೀರ್ಪಾಗಿದೆ, ಅದನ್ನು ‘ಗುಣಪಡಿಸುತ್ತೇವೆ’ ಎನ್ನುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಹಳದಿ ಚೀಟಿಯಲ್ಲಿ ಆ ‘ಚಿಕಿತ್ಸೆ’ ಕಂಡುಬಂದರೆ ಅದನ್ನೂ ಕ್ರಮದ ಪಟ್ಟಿಗೆ ಸೇರಿಸಬೇಕು.

ಶಾಲೆಗಳಲ್ಲಿ ಹೊಸ ಪುಸ್ತಕ ಬೇಡ. 10ನೇ ತರಗತಿ ವಿಜ್ಞಾನದಲ್ಲಿ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ’ ಎಂಬ ಪಾಠ ಇದ್ದೇ ಇದೆ. ‘ಮನೆಯಲ್ಲಿ ಓದಿಕೊಳ್ಳಿ’ ಎಂದು ದಾಟಿಸದೆ ಪಾಠ ಮಾಡಿದ್ದಾರೆಯೇ ಎಂದು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಂದ (ಡಿಡಿಪಿಐ) ವರದಿ ತರಿಸಿಕೊಳ್ಳಿ. ಜೊತೆಗೆ ತಿಂಗಳಿಗೊಮ್ಮೆ ಪ್ರಶ್ನೆ ಡಬ್ಬಿ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಹೆಸರಿಲ್ಲ. ಕೇಳಲು ಏನೂ ಇಲ್ಲದವರು ‘ಪ್ರಶ್ನೆ ಇಲ್ಲ’ ಎಂದು ಬರೆದು ಹಾಕಬೇಕು, ಆಗ ಬರೆಯುತ್ತಿರುವವರು ಯಾರು ಎಂದು ಪಕ್ಕದವರಿಗೆ ತಿಳಿಯುವುದಿಲ್ಲ. ಶಿಕ್ಷಕರು ಒಂದು ದಿನ ಮುಂಚೆ ಬಿಚ್ಚಿ ಓದಿ, ತಮ್ಮದೇ ಮಾತಿನಲ್ಲಿ ಪ್ರಶ್ನೆ ಬರೆದುಕೊಂಡು ಉತ್ತರಿಸಬೇಕು. ಮೂಲ ಚೀಟಿ ಹಿಡಿದು ಓದಿದರೆ ಅಕ್ಷರ ಗುರುತು ಸಿಕ್ಕಿ ಮುಂದಿನ ತಿಂಗಳು ಡಬ್ಬಿ ಖಾಲಿ. ಯಾವ ಚೀಟಿಯಲ್ಲಾದರೂ ದೌರ್ಜನ್ಯದ ಸುಳಿವಿದ್ದರೆ ಅದನ್ನು ತರಗತಿಯಲ್ಲಿ ಎತ್ತಲೇಬಾರದು, ಪೋಕ್ಸೋ 19ನೇ ಕಲಂ ಪ್ರಕಾರ ವರದಿ ಮಾಡಲೇಬೇಕು. ಗಂಡುಮಕ್ಕಳ ಪ್ರಶ್ನೆಗಳಿಗೆ ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ಕಿನ ಆಪ್ತಸಮಾಲೋಚಕರನ್ನು ಶಾಲೆಗೇ ಕರೆಸುವುದು ಒಳ್ಳೆಯದು, ಅಂಥದ್ದೊಂದು ಕ್ಲಿನಿಕ್ ಸರ್ಕಾರಿ ಆಸ್ಪತ್ರೆಯಲ್ಲಿದೆ ಎಂಬುದೇ ಎಷ್ಟೋ ಮಕ್ಕಳಿಗೆ ತಿಳಿದಿಲ್ಲ.

ಖಾಸಗಿ ವಾಹಿನಿಗಳ ಮೇಲ್ವಿಚಾರಣೆಗೆ ತಮ್ಮ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಅವಕಾಶವಿದೆ. ಪೊಲೀಸ್ ವರಿಷ್ಠಾಧಿಕಾರಿ, ವಾರ್ತಾಧಿಕಾರಿ, ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಮಕ್ಕಳ ಮತ್ತು ಮಹಿಳೆಯರ ಪರ ಕೆಲಸ ಮಾಡುವವರು, ಮನಶ್ಶಾಸ್ತ್ರ ಬಲ್ಲವರು ಅದರಲ್ಲಿ ಕೂರುತ್ತಾರೆ. ಆ ಸಮಿತಿಯ ಸಭೆ ಕರೆಯಿರಿ. ಮೂತ್ರಾಲಯದ ಹಾಳೆಯ ಪಠ್ಯ, ಪ್ರಕಟಣೆಯ ನಮೂನೆ, 30 ಸೆಕೆಂಡಿನ ತುಣುಕಿನ ಮಾತು ಮೂರನ್ನೂ ತಿದ್ದಿ ತೀಡಿ ನಾವು ತಂದುಕೊಡುತ್ತೇವೆ, ಅದಕ್ಕೆ ಜಿಲ್ಲಾಡಳಿತ ಒಂದು ಪೈಸೆ ಖರ್ಚು ಮಾಡಬೇಕಾಗಿಲ್ಲ. ಮೊದಲ ಹಾಳೆಯನ್ನು ರಾಯಚೂರು ಬಸ್ ನಿಲ್ದಾಣದಲ್ಲಿ ಅಂಟಿಸೋಣ, ಬೇಸಿಗೆ ಶುರುವಾಗುವ ಮೊದಲೇ.

ಇತಿ,
ಹದಿಹರೆಯದವರ ಆರೋಗ್ಯ, ಆಪ್ತಸಮಾಲೋಚನೆ ಮತ್ತು ಬೋಧನೆಯಲ್ಲಿರುವ ಜಿಲ್ಲೆಯ ಕೆಲವರು
ರಾಯಚೂರು